ಅಪ್ಪನ ಡಾಲ್ಫಿನ್ ಕಾರಿನ ಎಂಜಿನ್

“ಈ ಗಾಡಿ ಸ್ಟಾರ್ಟ್ ಆಗಲ್ಲ ಬಿಡಿ.”

ನಮ್ಮ ಮನೆಯ ಷೋಕೇಸಿನಲ್ಲಿದ್ದ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಐದು ನಿಮಿಷ ದಿಟ್ಟಿಸಿದ ಮೇಲೆ ಬಾಗಲಗುಂಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತಿದು. ಆ ಕಾರಿನ ಉದ್ದ 36 ಸೆಂಟಿಮೀಟರ್, ಮೊಳಕ್ಕೂ ಕಡಿಮೆ. ತಗಡು, ಹಿತ್ತಾಳೆ, ಅಲ್ಯೂಮಿನಿಯಂ ಸೇರಿಸಿ ಅಪ್ಪ ಎರಡು ವರ್ಷ ಕೂತು ಮಾಡಿದ್ದು. ಪೆಟ್ರೋಲ್ ಟ್ಯಾಂಕಿಗೆ ಹನಿ ಪೆಟ್ರೋಲ್ ಹಾಕುವಂತಿಲ್ಲ, ಸಿಲಿಂಡರಿನೊಳಗೆ ಪಿಸ್ಟನ್ ಇಲ್ಲ. ಅದು ಸ್ಟಾರ್ಟ್ ಆಗುವುದಿಲ್ಲ ಎಂಬುದು ಐದು ವರ್ಷದ ಮಗುವಿಗೂ ಗೊತ್ತಾಗುವ ಸಂಗತಿ. ಆದರೆ ಅಪ್ಪ ನಗಲಿಲ್ಲ. “ಯಾಕೆ?” ಎಂದು ಕೇಳಿದರು.

“ಪ್ಲಗ್ ವೈರ್ ನೋಡಿ. ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಕೊಟ್ಟಿದ್ದೀರ. ಇದರ ಫೈರಿಂಗ್ ಆರ್ಡರ್ ಒಂದು, ಮೂರು, ನಾಲ್ಕು, ಎರಡು.”

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್‌ಗಳು ಜೊತೆಯಾಗಿ ಮೇಲೇಳುವಾಗ ಎರಡನೆಯದು ಮತ್ತು ಮೂರನೆಯದು ಜೊತೆಯಾಗಿ ಕೆಳಗಿಳಿಯುತ್ತವೆ. ಹಾಗಾಗಿ ಕಿಡಿ ಸಾಲಾಗಿ ಹಾರುವಂತೆಯೇ ಇಲ್ಲ, ಜಿಗಿದು ಜಿಗಿದು ಹೋಗಬೇಕು. ಅಂಬಾಸಿಡರಿನ ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ, ಕ್ಯಾಪಿನ ಮೇಲಿನ ನಾಲ್ಕು ವೈರ್‌ಗಳು ಆ ದಿಕ್ಕಿನಲ್ಲೇ 1-3-4-2 ಎಂದು ಕೂರಬೇಕು. ಅಪ್ಪ ಜೀವನವಿಡೀ ಲೇತ್ ಮೇಲೆ ಕೆಲಸ ಮಾಡಿದ ಟರ್ನರ್. ಕಬ್ಬಿಣ ಗೊತ್ತು, ಕರೆಂಟ್ ಅಷ್ಟಾಗಿ ಗೊತ್ತಿಲ್ಲ. ಮೆಕ್ಯಾನಿಕ್ ಕಾಫಿ ಕುಡಿದು ಹೋದ ಮೇಲೆ ರಾತ್ರಿ ಹನ್ನೊಂದಾದರೂ ಅವರು ಮಲಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ವೈರ್ ಕಿತ್ತು ಬಿಸಾಕಿ ಹೊಸದಾಗಿ ಹಾಕಿದ್ದರು. ಒಂದೊಂದರ ದಪ್ಪ ಅರ್ಧ ಮಿಲಿಮೀಟರ್ ಚಿಲ್ಲರೆ.

ನಾನು ಇತಿಹಾಸದ ವಿದ್ಯಾರ್ಥಿ. ತುಮಕೂರು ರಸ್ತೆಯ ಆಸುಪಾಸಿನ ಕೈಗಾರಿಕೆಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮಾಡುತ್ತಲೇ ಇದ್ದೇನೆ ಎಂದರೂ ತಪ್ಪಿಲ್ಲ. ನಮ್ಮ ಮನೆ ಇರುವುದು ಟಿ. ದಾಸರಹಳ್ಳಿಯಲ್ಲಿ. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ಜಾಲಹಳ್ಳಿಯ ಎಚ್‌ಎಂಟಿ, ನಡುವೆ ನಾವು. ಅಪ್ಪ 1983ರಲ್ಲಿ ಕುಣಿಗಲ್ ಕಡೆಯಿಂದ ಬಂದು ಪೀಣ್ಯದ ಒಂದು ಸಣ್ಣ ವರ್ಕ್‌ಷಾಪ್ ಸೇರಿದವರು. ನಿವೃತ್ತಿಯಾದ ಮೇಲೆ ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಒಂದು ಪುಟ್ಟ ಲೇತ್ ಇಟ್ಟುಕೊಂಡಿದ್ದಾರೆ. ಆ ಕೋಣೆಗೂ ನನ್ನ ಪ್ರಬಂಧಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲು ಆ ಮೆಕ್ಯಾನಿಕ್ ಬರಬೇಕಾಯಿತು.

ಮಾದರಿ ಕಾರು ಮಾಡುವವರಲ್ಲಿ ಹೆಚ್ಚಿನವರು ಎಂಜಿನ್ನಿನ ತಂಟೆಗೆ ಹೋಗುವುದಿಲ್ಲ. ಬಾನೆಟ್ ಮುಚ್ಚಿದರೆ ಮುಗಿಯಿತು. ಅಂಗಡಿಯಲ್ಲಿ ಸಿಗುವ ಆಟಿಕೆ ಅಂಬಾಸಿಡರಿನಲ್ಲಿ ಬಾನೆಟ್ಟಿನ ಕೆಳಗೆ ಏನೂ ಇರುವುದಿಲ್ಲ, ಇರಬೇಕೆಂದು ಯಾವ ಮಗುವೂ ಹಟ ಮಾಡುವುದಿಲ್ಲ. ಹೊರದೇಶಗಳಲ್ಲಿ ಇದನ್ನು ತಪಸ್ಸಿನಂತೆ ಮಾಡಿದವರಿದ್ದಾರೆ. ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ಹಳೆಯ ಕಾರುಗಳನ್ನು ಕೈಯಲ್ಲೇ ಕೆತ್ತಿ, ಮಾಡುವ ವಿಧಾನದ ಬಗ್ಗೆ ಪುಸ್ತಕವನ್ನೂ ಬರೆದರು. ಇಟಲಿಯ ಪೋಕರ್ ಕಂಪನಿ ರೋಲ್ಸ್ ರಾಯ್ಸನ್ನು 1:8 ಅಳತೆಯಲ್ಲಿ ಬಿಡಿಭಾಗಗಳಾಗಿ ಮಾರುತ್ತಿತ್ತು. ಅಂಥ ಕಾರುಗಳಿಗೆ ನಕ್ಷೆಗಳಿವೆ, ಕಾರ್ಖಾನೆಯ ಛಾಯಾಚಿತ್ರಗಳಿವೆ, ಒಂದೊಂದು ಮೊಳೆಗೂ ಸಾಕ್ಷಿ ಹೇಳುವ ಕ್ಲಬ್‌ಗಳಿವೆ. ಅಪ್ಪನ ಹತ್ತಿರ ಇರುವುದು ಒಂದು ವರ್ನಿಯರ್ ಕ್ಯಾಲಿಪರ್, ಹಳೆ ಗುಜರಿ ಅಂಗಡಿಗಳ ಪರಿಚಯ ಮತ್ತು ಹಟ.

ಅವರು ಆರಿಸಿಕೊಂಡ ಅಳತೆ 1:12. ನಿಜವಾದದ್ದರ ಹನ್ನೆರಡನೆಯ ಒಂದು ಪಾಲು. ಲೆಕ್ಕ ಸುಲಭ, ಕೆಲಸ ಕಷ್ಟ. ಸ್ಪಾರ್ಕ್ ಪ್ಲಗ್ಗಿನ ಮರೆ 14 ಮಿ.ಮೀ., ಮಾದರಿಯಲ್ಲಿ ಅದು 1.2 ಮಿ.ಮೀ. ಆಗುತ್ತದೆ. ಪ್ಲಗ್ ವೈರ್ 7 ಮಿ.ಮೀ. ಇದ್ದದ್ದು 0.58ಕ್ಕೆ ಇಳಿಯುತ್ತದೆ. ಅದಕ್ಕೆ ಬೇಕಾದ ತಂತಿ ದಾಸರಹಳ್ಳಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು. ಪ್ಲಗ್ಗಿನ ಬಿಳಿ ಪಿಂಗಾಣಿಗೆ ಹಳೆಯ ಲ್ಯಾಂಡ್‌ಲೈನ್ ಫೋನಿನ ವೈರಿನ ಹೊರಸಿಪ್ಪೆ. ಸಿಲಿಂಡರ್ ಹೆಡ್ ಬಿಗಿಯುವ ಸ್ಟಡ್ಡುಗಳು ಅಂಬಾಸಿಡರಿನಲ್ಲಿ ಮುಕ್ಕಾಲಂಶ ಇಂಚಿನ ಅರ್ಧ, ಅಂದರೆ ಒಂಬತ್ತೂವರೆ ಮಿ.ಮೀ. ದಪ್ಪ, ಹನ್ನೆರಡರಿಂದ ಭಾಗಿಸಿದರೆ 0.8. ಅಷ್ಟು ಸಣ್ಣ ಮರೆ ಕೊರೆಯುವ ಡೈ ನಮ್ಮಲ್ಲಿಲ್ಲ. ಆದರೆ ಅಷ್ಟೇ ಸಣ್ಣ ಸ್ಕ್ರೂಗಳು ನಮ್ಮೂರಿನಲ್ಲೇ ಲಕ್ಷಗಟ್ಟಲೆ ತಯಾರಾಗಿವೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಕೈಗಡಿಯಾರ ಮಾಡಲು ಆರಂಭಿಸಿತಲ್ಲ, ಆ ಗಡಿಯಾರಗಳೊಳಗಿನ ಸ್ಕ್ರೂಗಳು. ಗಡಿಯಾರ ರಿಪೇರಿಯವರೊಬ್ಬರು ಕೆಟ್ಟುಹೋದ ‘ಜನತಾ’ ವಾಚುಗಳ ಹೊಟ್ಟೆ ಬಗೆದು ಒಂದು ಫಿಲ್ಮ್ ಡಬ್ಬಿಯ ತುಂಬ ಕೊಟ್ಟಿದ್ದಾರೆ. ಅಂಬಾಸಿಡರ್ ಹುಟ್ಟಿದ್ದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ. ಅದರ ತಲೆಯನ್ನು ಬಿಗಿದಿರುವುದು ಜಾಲಹಳ್ಳಿಯ ಗಡಿಯಾರ.

ಇಷ್ಟೆಲ್ಲ ಯಾಕೆ ಎಂದು ನಾನೂ ಮೊದಮೊದಲು ಕೇಳುತ್ತಿದ್ದೆ. ಈಗ ನನಗನ್ನಿಸುವುದು ಹೀಗೆ: ನಮ್ಮ ದೇಶದ ಹಳೆಯ ಕಾರುಗಳ ಚರಿತ್ರೆಯನ್ನು ಹೊರಮೈ ನೋಡಿ ಬರೆಯಲಾಗದು. ಹೊರಮೈ ಸುಳ್ಳು ಹೇಳುತ್ತದೆ ಎಂದಲ್ಲ, ಅದು ಬೇರೆ ಕಾಲದ ಮಾತು ಹೇಳುತ್ತದೆ.

ಅಂಬಾಸಿಡರನ್ನೇ ನೋಡಿ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಿಂದ 1950ರ ದಶಕದ ಕೊನೆಗೆ ಬಂದ ಕಾರು, 2014ರಲ್ಲಿ ಕಾರ್ಖಾನೆ ನಿಲ್ಲುವವರೆಗೂ ದೂರದಿಂದ ನೋಡಿದರೆ ಅದೇ ಕಾರು. ಮುಂದಿನ ಗ್ರಿಲ್ ಬದಲಾಯಿತು, ದೀಪ ಬದಲಾಯಿತು, ಬೆನ್ನು ಬದಲಾಗಲಿಲ್ಲ. ಬದಲಾದದ್ದು ಒಳಗೆ. ಮೊದಲ ಅಂಬಾಸಿಡರುಗಳಲ್ಲಿ ಇದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲೇ ಬ್ಲಾಕಿನೊಳಗೆ ಇರುವುದರಿಂದ ಅದರ ಹೆಡ್ ಒಂದು ಚಪ್ಪಟೆ ಮುಚ್ಚಳ, ಸ್ಪಾರ್ಕ್ ಪ್ಲಗ್‌ಗಳು ಆ ಮುಚ್ಚಳದ ಮೇಲೆ ಆಕಾಶ ನೋಡುತ್ತ ನಿಂತಿರುತ್ತವೆ. 1959ರಲ್ಲಿ ಅದರ ಜಾಗಕ್ಕೆ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯದ್ದು. ವಾಲ್ವುಗಳು ಹೆಡ್ಡಿಗೆ ಏರಿದವು, ಅವನ್ನು ಮುಚ್ಚಲು ಉದ್ದನೆಯ ರಾಕರ್ ಕವರ್ ಬಂತು, ಪ್ಲಗ್‌ಗಳು ಬಲಪಕ್ಕಕ್ಕೆ ಇಳಿದವು. ಕಾರ್ಬ್ಯುರೇಟರ್ ಮತ್ತು ಹೊಗೆಯ ದಾರಿ ಎರಡೂ ಎಡಪಕ್ಕದಲ್ಲಿ. ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ನಿನ ಓಟ 88.9 ಮಿ.ಮೀ. ಆಮೇಲೆ ಡೀಸೆಲ್ ಬಂತು, 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಬಂತು. ಇದರ ಜೊತೆಗೆ ಗ್ಯಾರೇಜುಗಳು ತಮ್ಮಷ್ಟಕ್ಕೆ ಮಾಡಿದ ತಿದ್ದುಪಡಿಗಳಿವೆ: ಪೆಟ್ರೋಲ್ ತುಟ್ಟಿಯಾದಾಗ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ತಂದು ಅಂಬಾಸಿಡರಿಗೆ ಕೂರಿಸಿದ ಟ್ಯಾಕ್ಸಿಗಳು ದಕ್ಷಿಣದಲ್ಲಿ ಎಷ್ಟು ಓಡಾಡಿಲ್ಲ! ಹಾಗಾಗಿ ಬಾನೆಟ್ ಮುಚ್ಚಿದ ಅಂಬಾಸಿಡರಿನ ಫೋಟೋ ನೋಡಿ ಇದು ಯಾವ ಕಾಲದ್ದು ಎಂದು ಹೇಳುವುದು ಗೋಡೆ ನೋಡಿ ಮನೆಯವರ ಜಾತಕ ಹೇಳಿದಂತೆ.

ನಮ್ಮ ಶಾಸನತಜ್ಞರಿಗೆ ಈ ಸಮಸ್ಯೆ ಹೊಸದಲ್ಲ. ಗಂಗರ ತಾಮ್ರಪಟಗಳ ಬಗ್ಗೆ ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ಜಗಳವಾಡಿದ್ದು ಇದೇ ವಿಷಯಕ್ಕೆ. ಪಟದಲ್ಲಿ ಬರೆದಿರುವ ಶಕವರ್ಷ ಒಂದು, ಅಕ್ಷರದ ವಟ್ರಸುಳಿ, ತಲೆಕಟ್ಟು ಹೇಳುವ ಕಾಲ ಮತ್ತೊಂದು. ಎಷ್ಟೋ ಪಟಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದು ಹೀಗೆ ಅಕ್ಷರ ನೋಡಿಯೇ. ಕಾರಿನ ಬಾಡಿ ಎಂದರೆ ಬರೆದ ತೇದಿ. ಎಂಜಿನ್ ಎಂದರೆ ಲಿಪಿ.

ಇದಕ್ಕೆ ಅತ್ಯುತ್ತಮ ಉದಾಹರಣೆ ಅಂಬಾಸಿಡರ್ ಅಲ್ಲ, ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ತಂದ ಸ್ಟ್ಯಾಂಡರ್ಡ್ 2000. ಹೊರಗೆ ಅದು 1976ರ ರೋವರ್ ಎಸ್‌ಡಿ1, ಯುರೋಪಿನಲ್ಲಿ ವರ್ಷದ ಕಾರು ಎಂದು ಪ್ರಶಸ್ತಿ ಪಡೆದ ಚೆಲುವ. ಬ್ರಿಟನ್ನಿನಲ್ಲಿ ಅದರ ಹೆಸರು ಮಾಡಿದ್ದು ಮೂರೂವರೆ ಲೀಟರಿನ ವಿ8 ಎಂಜಿನ್. ನಮ್ಮದರಲ್ಲಿ ಇದ್ದದ್ದು 1991 ಸಿಸಿಯ ನಾಲ್ಕು ಸಿಲಿಂಡರ್, 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಎಂಜಿನ್ನಿನ ವಂಶ. ಅದೇ ಕುಟುಂಬದ ಎಂಜಿನ್ ಫರ್ಗ್ಯೂಸನ್ ಟ್ರ್ಯಾಕ್ಟರಿನಲ್ಲೂ ಇತ್ತು. ಇದನ್ನು ನಾನು ಓದಿ ಹೇಳಿದಾಗ ಅಪ್ಪ “ಟ್ರ್ಯಾಕ್ಟರಿಗೆ ಸೂಟು ಹೊಲಿಸಿದ್ದಾರೆ” ಎಂದರು. ಪರದೇಶದಲ್ಲಿ ತಯಾರಾದ ಎಸ್‌ಡಿ1 ಮಾದರಿಯೊಂದನ್ನು ತಂದು, ಹೆಸರಿನ ಪಟ್ಟಿ ಬದಲಿಸಿ ‘ಸ್ಟ್ಯಾಂಡರ್ಡ್ 2000’ ಎಂದು ಇಟ್ಟುಕೊಂಡರೆ ಹೊರಗಿನಿಂದ ಹೆಚ್ಚು ತಪ್ಪಿಲ್ಲ. ಒಳಗೆ ವಿ8 ಇದ್ದರೆ ಮಾತ್ರ ಅದು ನಮ್ಮ ದೇಶದ ಮೂವತ್ತು ನಲವತ್ತು ವರ್ಷಗಳ ಕಥೆಯನ್ನೇ ಅಳಿಸಿಬಿಟ್ಟಂತೆ. ಕಾಂಟೆಸ್ಸಾ ಕೂಡ ಹಾಗೆಯೇ. 1984ರಲ್ಲಿ ಬಂದಾಗ ಮೈ ವಾಕ್ಸ್‌ಹಾಲ್ ವಿಕ್ಟರಿನದು, ಎದೆಯಲ್ಲಿ ಅಂಬಾಸಿಡರಿನ ಅದೇ 1489.

ಮೈಯ ಅಚ್ಚನ್ನು ಹಡಗಿನಲ್ಲಿ ತರಿಸಬಹುದಿತ್ತು. ಎಂಜಿನ್ ಇಲ್ಲೇ ಎರಕ ಹೊಯ್ದು, ಕೊರೆದು, ಉಜ್ಜಿ ಮಾಡಬೇಕೆಂದರೆ ಎರಕದವರು, ಟರ್ನರ್‌ಗಳು, ಗ್ರೈಂಡರ್‌ಗಳು, ಪ್ಲಗ್ ಮಾಡುವವರು, ಪಂಪ್ ಮಾಡುವವರು, ಇಷ್ಟು ಜನರ ಒಂದು ಊರೇ ಬೇಕು. ಸ್ವಾತಂತ್ರ್ಯದ ನಂತರ ಸರ್ಕಾರ ಹಿಡಿದ ಪಟ್ಟೂ ಇದೇ. 1953ರ ಟಾರಿಫ್ ಕಮಿಷನ್ ವರದಿಯ ಬಳಿಕ, ಬಿಡಿಭಾಗ ತಂದು ಜೋಡಿಸಿ ಮಾರುವುದಷ್ಟೇ ಸಾಲದು, ಇಲ್ಲಿ ತಯಾರಿಸುವ ಯೋಜನೆ ಇದ್ದವರಿಗಷ್ಟೇ ಜಾಗ ಎಂದಾಯಿತು. ಬೊಂಬಾಯಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಹೊರಟುಹೋಯಿತು, ಫೋರ್ಡ್ ಕೂಡ. ಒಮ್ಮೆ ಒಂದು ಎಂಜಿನ್ ಮಾಡಲು ಕಲಿತ ಮೇಲೆ ಅದನ್ನು ಬಿಡುವುದು ನಮ್ಮ ಕಂಪನಿಗಳಿಗೆ ಯಾಕೆ ಅಷ್ಟು ಕಷ್ಟವಾಯಿತು ಎಂಬುದಕ್ಕೂ ಉತ್ತರ ಇಲ್ಲಿದೆ. ಅಚ್ಚು, ಯಂತ್ರ, ಕೈ ಎಲ್ಲ ಅದಕ್ಕೇ ಪಳಗಿರುತ್ತಿದ್ದವು.

ಬೆಂಗಳೂರಿಗೆ ಈ ಆಸೆ ಅದಕ್ಕೂ ಹಿಂದಿನದು. ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಅದಾಗಿ ಹದಿನೇಳು ವರ್ಷಕ್ಕೆ, ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ ಅವರು ಮೋಟಾರು ಕಾರ್ಖಾನೆಯ ವಿಚಾರವಾಗಿ ಯುರೋಪು ಅಮೆರಿಕಗಳನ್ನು ಸುತ್ತಿಬಂದರು. ವಾಲ್‌ಚಂದ್ ಹೀರಾಚಂದ್ ಹಣ ಹೂಡಲು ಮುಂದಾದರು, ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಬಲಕ್ಕಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ, ಯೋಜನೆ ಬಿದ್ದುಹೋಯಿತು. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ತೆರೆದರು, 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕಾರು ಕೇಳಿದ ಊರಿಗೆ ವಿಮಾನ ಸಿಕ್ಕಿತು. ಮುಂದೆ ಪದ್ಮಿನಿಯಾದ ಫಿಯೆಟ್, ಅದರ 1089 ಸಿಸಿಯ ಎಂಜಿನ್ ಸಮೇತ, ಬೊಂಬಾಯಿಯ ಪಾಲಾಯಿತು. ಬೆಂಗಳೂರು ಮಾಡಿದ್ದು ಎಂಜಿನ್ನಿನ ಚೂರುಗಳನ್ನು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ಮೈಕೊ, ಬಾಷ್ ತಂತ್ರಜ್ಞಾನದಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಮಾಡಿತು. ಅಪ್ಪನ ಅಂಬಾಸಿಡರಿನ ಪ್ಲಗ್ಗುಗಳ ಮೇಲೆ ಭೂತಗನ್ನಡಿ ಇಟ್ಟರೂ ಅಕ್ಷರ ಕಾಣುವುದಿಲ್ಲ, ಆದರೆ ಅವು ಮೈಕೊ ಪ್ಲಗ್‌ಗಳೇ ಎಂದು ಅವರ ವಾದ.

ಇಡೀ ಕಾರೇ ಬೆಂಗಳೂರಿನದಾಗಿದ್ದ ಒಂದು ಪ್ರಸಂಗವೂ ಇದೆ. ಅಪ್ಪ ಈಗ ಮಾಡುತ್ತಿರುವುದು ಅದನ್ನೇ: ಸಿಪಾನಿ ಡಾಲ್ಫಿನ್.

ನನ್ನ ವಯಸ್ಸಿನವರಿಗೆ ಈ ಹೆಸರು ಗೊತ್ತಿರುವುದು ಅನುಮಾನ. ಯಶವಂತಪುರದ ಹತ್ತಿರ, ಇದೇ ತುಮಕೂರು ರಸ್ತೆಯ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ ಅದರ ಕಾರ್ಖಾನೆ ಇತ್ತು. ಮೊದಲು, 1970ರ ದಶಕದಲ್ಲಿ, ಸನ್‌ರೈಸ್ ಎಂಬ ಹೆಸರಿನಲ್ಲಿ ಅವರು ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿದ್ದರು. ಅದರ ಬೆನ್ನಿಗೆ 198 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್, ಸ್ಕೂಟರಿನ ಸಂಬಂಧಿಕನಂಥದ್ದು. 1982ರಲ್ಲಿ ಬಂದ ಡಾಲ್ಫಿನ್ ಬೇರೆಯೇ ಪ್ರಾಣಿ. ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರು ಅದರ ಮೂಲ. ಮೈ ಫೈಬರ್ ಗ್ಲಾಸಿನದು, ಬಾಗಿಲು ಎರಡೇ, ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಕ್ಕೆ. ಉದ್ದ ಸುಮಾರು ಮೂರೂಕಾಲು ಮೀಟರ್. ಹಗುರವಾಗಿದ್ದರಿಂದ ಚುರುಕಾಗಿತ್ತು, ಶೋಲಾವರಂ ರೇಸುಗಳಲ್ಲೂ ಓಡಿತು. 1983ರ ಡಿಸೆಂಬರಿನಲ್ಲಿ ಮೂರು ಸಿಲಿಂಡರಿನ ಮಾರುತಿ 800 ಬಂತು. ಡಾಲ್ಫಿನ್ ಆ ದಶಕ ಮುಗಿಯುವ ಹೊತ್ತಿಗೆ ರಸ್ತೆಯಿಂದ ಮರೆಯಾಗತೊಡಗಿತು. ನಾಲ್ಕು ಬಾಗಿಲಿನ ತಮ್ಮ ಮೊಂಟಾನಾ ಸ್ವಲ್ಪ ಕಾಲ ಓಡಾಡಿದ. (ಬೆಂಗಳೂರು ಮತ್ತೆ ತನ್ನದೇ ಪುಟ್ಟ ಕಾರು ಮಾಡಿದ್ದು 2001ರಲ್ಲಿ, ರೇವಾ. ಅದು ವಿದ್ಯುತ್ತಿನದು. ಮಾದರಿ ಮಾಡುವವರ ಪುಣ್ಯ, ಎಂಜಿನ್ನೇ ಇಲ್ಲ.)

ಡಾಲ್ಫಿನ್ನಿನ ಎಂಜಿನ್ 848 ಸಿಸಿ, ನಾಲ್ಕು ಸಿಲಿಂಡರ್, ಓವರ್‌ಹೆಡ್ ವಾಲ್ವ್. ಅದರ ವಿಶೇಷ ಲೋಹದಲ್ಲಿದೆ. ಅಂಬಾಸಿಡರಿನ ಬ್ಲಾಕ್ ಬೀಡುಕಬ್ಬಿಣದ್ದು, ಇಬ್ಬರು ಎತ್ತಿದರೂ ಬೆನ್ನು ಹಿಡಿಯುತ್ತದೆ. ಇದರ ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ. ರಿಲಯಂಟ್ ಕಂಪನಿ ಮೊದಲು ಆಸ್ಟಿನ್ ಸೆವೆನ್ನಿನ ಹಳೆಯ ಸೈಡ್ ವಾಲ್ವ್ ಎಂಜಿನ್ನನ್ನೇ ತಾನೂ ಮಾಡುತ್ತಿತ್ತು, 1960ರ ದಶಕದ ಆರಂಭದಲ್ಲಿ ಅದನ್ನು ಬಿಟ್ಟು ಈ ಹಗುರ ಲೋಹಕ್ಕೆ ಬಂತು. ಅಲ್ಯೂಮಿನಿಯಂ ಮೇಲೆ ಪಿಸ್ಟನ್ ರಿಂಗ್ ನೇರವಾಗಿ ಉಜ್ಜಿದರೆ ಬಾಳುವುದಿಲ್ಲ. ಅದಕ್ಕೇ ಒಳಗೆ ಬೀಡುಕಬ್ಬಿಣದ ಕೊಳವೆಗಳನ್ನು, ಲೈನರ್‌ಗಳನ್ನು, ಇಳಿಬಿಟ್ಟಿರುತ್ತಾರೆ. ಈ ಎಂಜಿನ್ನಿನಲ್ಲಿ ಅವು ‘ವೆಟ್ ಲೈನರ್’ಗಳು, ಅಂದರೆ ತಂಪು ಮಾಡುವ ನೀರು ಲೈನರಿನ ಹೊರಮೈಗೆ ತಾಗಿಕೊಂಡೇ ಹರಿಯುತ್ತದೆ. ಒಳ ಅಗಲ 62.5 ಮಿ.ಮೀ.

ಈ ವಿವರವನ್ನು ನಾನು ಹುಡುಕಿ ಅಪ್ಪನಿಗೆ ಹೇಳಲಿಲ್ಲ, ಅಪ್ಪ ನನಗೆ ಹೇಳಿದರು. 1990ರ ದಶಕದ ನಡುವಿನಲ್ಲಿ ಅವರ ವರ್ಕ್‌ಷಾಪಿಗೆ ಒಂದು ಡಾಲ್ಫಿನ್ ಎಂಜಿನ್ ಬಂದಿತ್ತಂತೆ. ಬರಿಯ ಎಂಜಿನ್, ಆಟೊದಲ್ಲಿ, ಗೋಣಿಚೀಲ ಸುತ್ತಿಕೊಂಡು. ಒಂದು ಸಿಲಿಂಡರಿನ ಲೈನರ್ ಸೀಳು ಬಿಟ್ಟಿತ್ತು. ಕಾರು ನಿಂತುಹೋಗಿ ವರ್ಷಗಳಾಗಿದ್ದವು, ಅಂಗಡಿಯಲ್ಲಿ ಕೇಳಿ ತರುವ ಮಾತಿರಲಿಲ್ಲ. ಅಪ್ಪ ಬೀಡಿನ ಒಂದು ಸ್ಲೀವ್ ತೆಗೆದುಕೊಂಡು, ಉಳಿದ ಮೂರನ್ನು ಅಳೆದು, ನಾಲ್ಕನೆಯದನ್ನು ತಿರುವಿದರು. “ಲೈನರ್ ಬ್ಲಾಕಿನ ಮಟ್ಟಕ್ಕೆ ಕೂತರೆ ಆಗಲ್ಲ, ಎರಡು ಮೂರು ಥೌ ಮೇಲೆ ಎದ್ದಿರಬೇಕು. ಆಗಲೇ ಹೆಡ್ ಬಿಗಿದಾಗ ಗ್ಯಾಸ್ಕೆಟ್ ಕಚ್ಚಿಕೊಳ್ಳೋದು.” ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಪೀಣ್ಯದ ಹಳೆ ಕೈಗಳು ಇವತ್ತಿಗೂ ಆ ಲೆಕ್ಕದಲ್ಲೇ ಯೋಚಿಸುವುದು. ಎಂಜಿನ್ ಮತ್ತೆ ಆಟೊ ಹತ್ತಿ ಹೋಯಿತು. ಒಂದು ತಿಂಗಳ ನಂತರ ಮಾಲೀಕರು ಕಾರಿನಲ್ಲೇ ಬಂದು ಒಂದು ಡಜನ್ ರಸಬಾಳೆಹಣ್ಣು ಕೊಟ್ಟು ಹೋದರು. ಅಪ್ಪನ ಮಟ್ಟಿಗೆ ಅವರು ಕಾರು ‘ಮಾಡಿದ್ದು’ ಅದೊಂದೇ ಸಲ.

ನನ್ನ ಪ್ರಬಂಧದ ಅಧ್ಯಾಯಗಳಲ್ಲಿ ಕಾರ್ಖಾನೆಗಳಿವೆ, ಪರವಾನಗಿಗಳಿವೆ, ಪಾಲುಬಂಡವಾಳವಿದೆ. ಪತ್ರಾಗಾರದ ಕಡತಗಳು ಇವುಗಳ ಬಗ್ಗೆ ಧಾರಾಳವಾಗಿ ಮಾತಾಡುತ್ತವೆ. ಒಂದು ಕಾರು ತಯಾರಾದ ದಿನದ ದಾಖಲೆ ಸಿಗುತ್ತದೆ, ಅದು ಆಮೇಲೆ ಮೂವತ್ತು ವರ್ಷ ಹೇಗೆ ಓಡಿತು ಎಂಬುದಕ್ಕೆ ಕಾಗದವಿಲ್ಲ. ಅಂಥ ಓಟದ ಬಹುಪಾಲು ನಡೆದದ್ದು ದಾಸರಹಳ್ಳಿ, ಪೀಣ್ಯ, ಕಲಾಸಿಪಾಳ್ಯದಂಥ ಜಾಗಗಳಲ್ಲಿ, ಬಿಲ್ಲಿಲ್ಲದ ಕೆಲಸವಾಗಿ.

ಅಪ್ಪನ ಡಾಲ್ಫಿನ್ 28 ಸೆಂಟಿಮೀಟರ್ ಉದ್ದ ಬರುತ್ತದೆ. ಬ್ಲಾಕನ್ನು ನಿಜವಾದ ಅಲ್ಯೂಮಿನಿಯಂ ತುಂಡಿನಿಂದಲೇ ಕಡೆದಿದ್ದಾರೆ. ಮೊದಲು ಪಾಲಿಷ್ ಹೊಡೆದು ಬೆಳ್ಳಿ ಲೋಟದಂತೆ ಮಾಡಿಟ್ಟಿದ್ದರು. ಬೆಂಗಳೂರಿನ ಹತ್ತು ಮಳೆಗಾಲ ಕಂಡ ಅಲ್ಯೂಮಿನಿಯಂ ಹಾಗಿರುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಸುಣ್ಣದಂತೆ ಬಿಳಿಚಿಕೊಂಡಿರುತ್ತದೆ ಎಂದು ತಾವೇ ಹೇಳಿ, ಉಪ್ಪುನೀರಿನಲ್ಲಿ ನೆನೆಹಾಕಿ ಬಣ್ಣ ಕೆಡಿಸಿದರು. ಅಮ್ಮ ಇದನ್ನು ನೋಡಿ, ಪಾತ್ರೆ ತೊಳೆಯುವಾಗ ನನಗೂ ಈ ವಿದ್ಯೆ ಬರುತ್ತದೆ ಎಂದಳು.

ಒಳಗಿನ ಲೈನರ್‌ಗಳಿಗೆ ಅಗಲ 5.2 ಮಿ.ಮೀ. ಬೇಕಿತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಎಳೆಯುವ ಆಂಟೆನಾ ಇರುತ್ತದಲ್ಲ, ಅದರ ಒಂದು ಕೊಳವೆ ಸರಿಹೊಂದಿತು. ಅದರಿಂದ ಮೂರು ತುಂಡು ಕತ್ತರಿಸಿದರು. ನಾಲ್ಕನೆಯದನ್ನು ಕತ್ತರಿಸಲಿಲ್ಲ. ಒಂದು ವಾರ ಹುಡುಕಿ ಬೀಡಿನ ಚೂರೊಂದನ್ನು ತಂದು ಲೇತಿಗೆ ಕಚ್ಚಿಸಿದರು. ಬೀಡು ಸುರುಳಿಯಾಗಿ ಏಳುವುದಿಲ್ಲ, ಪುಡಿಯಾಗಿ ಉದುರುತ್ತದೆ, ಅಷ್ಟು ತೆಳ್ಳಗೆ ತಿರುವಿದರೆ ಮಂಡಕ್ಕಿಯಂತೆ ಮುರಿಯುತ್ತದೆ. ಆರು ಮುರಿದವು. ಏಳನೆಯದು ನಿಂತಿತು. ಸಕ್ಕರೆ ಕಾಯಿಲೆಯಿಂದ ಅವರ ಎಡಗಣ್ಣು ಮಂಜಾಗಿದೆ, ಬಲಗಣ್ಣನ್ನು ಡಾಕ್ಟರು ಆರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಕೊನೆಯ ಉಜ್ಜುವಿಕೆಯನ್ನು ಅವರು ಬೆರಳಿನಲ್ಲೇ ಮುಟ್ಟಿ ಮುಟ್ಟಿ ಮಾಡಿದರು.

ಆಮೇಲೆ ಎದ್ದ ಪ್ರಶ್ನೆ: ಆ ಬೀಡಿನ ಲೈನರ್ ನಾಲ್ಕರಲ್ಲಿ ಯಾವ ಸಿಲಿಂಡರಿಗೆ?

“ಮೂರನೇದು” ಎಂದರು ಅಪ್ಪ. ನಾನು ಸಂಶೋಧಕನ ಗತ್ತಿನಲ್ಲಿ, ಒಬ್ಬರ ನೆನಪು ಸಾಲದು ಎಂದೆ. ಆಗ ಅವರ ಜೊತೆಗಿದ್ದ ಫಿಟ್ಟರ್ ಒಬ್ಬರು ಈಗ ನೆಲಮಂಗಲದಲ್ಲಿದ್ದಾರೆ. ಒಂದು ಭಾನುವಾರ ಬಸ್ ಹತ್ತಿ ಹೋದೆ. ಎಂಜಿನ್ ನೆನಪಿದೆ, ಗೋಣಿಚೀಲವೂ ನೆನಪಿದೆ, ರಸಬಾಳೆಯಂತೂ ಚೆನ್ನಾಗಿ ನೆನಪಿದೆ. ಸಿಲಿಂಡರ್? “ಎರಡನೇದು. ನಾನೇ ಒತ್ತಿ ಕೂರಿಸಿದ್ದು, ಗೊತ್ತಿಲ್ವ?” ಇಬ್ಬರೂ ಪ್ರತ್ಯಕ್ಷ ಸಾಕ್ಷಿಗಳು, ಇಬ್ಬರಿಗೂ ಸುಳ್ಳು ಹೇಳುವ ಕಾರಣವಿಲ್ಲ. ವಾಪಸ್ ಬಂದು ಅಪ್ಪನಿಗೆ ಹೇಳಿದರೆ ಅವರು ಮುಖ ಊದಿಸಿಕೊಂಡು ಎರಡು ದಿನ ಮಹಡಿ ಹತ್ತಲಿಲ್ಲ. ನನಗೆ ಕಸಿವಿಸಿಯಾಯಿತು. ಮೂವತ್ತು ವರ್ಷ ಅವರು ಯಾರ ಹತ್ತಿರವೂ ಜಂಬ ಕೊಚ್ಚದೆ ಇಟ್ಟುಕೊಂಡಿದ್ದ ಒಂದೇ ಒಂದು ಸಂಗತಿಗೆ ನಾನು ಅಡಿಟಿಪ್ಪಣಿ ಕೇಳಿದ್ದೆ.

ಮೂರನೆಯ ದಿನ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ “ಅವನು ಎದುರುಗಡೆ ನಿಂತಿದ್ದ” ಎಂದರು. ಬೆಂಚಿನ ಮೇಲೆ ಬ್ಲಾಕ್, ಈ ಕಡೆ ಅಪ್ಪ, ಆ ಕಡೆ ಫಿಟ್ಟರ್. ಇಬ್ಬರೂ ತಮ್ಮ ತಮ್ಮ ಎಡಗೈಯಿಂದ ಎಣಿಸಿದ್ದಾರೆ. ಅಪ್ಪನ ಮೂರು ಎಂದರೆ ಅವರ ಎರಡು. ಒಂದೇ ತೂತು! ನಾನು ಅನ್ನದ ಕೈಯಲ್ಲೇ ಫೋನ್ ಮಾಡಿದೆ. ನೆಲಮಂಗಲದವರು ಒಂದು ಕ್ಷಣ ಸುಮ್ಮನಿದ್ದು, “ಹೌದು, ನಾನು ಕಿಟಕಿ ಕಡೆ ಇದ್ದೆ, ನಿಮ್ಮಪ್ಪ ಬಾಗಿಲ ಕಡೆ” ಎಂದರು.

ಆದರೂ ಒಂದು ಗಂಟು ಉಳಿಯಿತು. ಎಂಜಿನ್ನಿನ ಸಿಲಿಂಡರುಗಳನ್ನು ಎಣಿಸುವುದು ಮುಂಭಾಗದಿಂದ, ಟೈಮಿಂಗ್ ಚೈನ್ ಇರುವ ಕಡೆಯಿಂದ. ಬೆಂಚಿನ ಮೇಲೆ ಬ್ಲಾಕಿನ ಮುಂಭಾಗ ಅಪ್ಪನ ಎಡಕ್ಕಿತ್ತೋ ಬಲಕ್ಕಿತ್ತೋ? ಎಡಕ್ಕಿದ್ದರೆ ಮೂರನೆಯದು, ಬಲಕ್ಕಿದ್ದರೆ ಎರಡನೆಯದು. ಅಪ್ಪ ಯೋಚಿಸಲೇ ಇಲ್ಲ. ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನ ಹೊರಗಡೆ ಅರ್ಧ ಇಂಚಿನ ಬಿಳಿ ಗೆರೆ. ಲೈನರ್ ಅಳತೆ ನೋಡುವಾಗ ಚೈನ್ ಕಡೆಯ ಅಂಚು ತಗುಲಿ ಆದ ಗಾಯ, ಅರಿಸಿನ ಮೆತ್ತಿಕೊಂಡು ಕೆಲಸ ಮುಂದುವರಿಸಿದ್ದು. ಹುಟ್ಟಿದಾಗಿನಿಂದ ಆ ಗೆರೆ ನೋಡಿದ್ದೇನೆ, ಕೇಳಿರಲಿಲ್ಲ.

ಮೂರನೆಯ ಸಿಲಿಂಡರ್ ಎಂದು ತೀರ್ಮಾನವಾಯಿತು. ಆಂಟೆನಾದ ಮೂರು ಕೊಳವೆ ಫಳಫಳ ಹೊಳೆಯುತ್ತಿದ್ದವು, ನಡುವೆ ಒಂದು ಕಪ್ಪಗೆ, ಮಂಕಾಗಿ. ಹೆಡ್ ಇಟ್ಟರೆ ನಾಲ್ಕೂ ಮರೆಯಾಗುತ್ತವೆ. ಹೆಡ್ಡನ್ನು ಬಿಚ್ಚಿಯೇ ಇಡೋಣ, ಪಕ್ಕದಲ್ಲೊಂದು ಚೀಟಿ ಬರೆಯೋಣ, ನೋಡುವವರಿಗೆ ಗೊತ್ತಾಗುತ್ತದೆ ಎಂದೆ. ಅಪ್ಪ ಒಪ್ಪಲಿಲ್ಲ. ಬಾಳೆಹಣ್ಣು ಕೊಟ್ಟವರು ಹೆಡ್ ಬಿಚ್ಚಿದ ಕಾರು ಓಡಿಸಿಕೊಂಡು ಬಂದಿದ್ದರಾ ಎಂದು ಕೇಳಿದರು.

“ಬೇಕಾದರೆ ಫೋಟೋ ತೆಗೆದುಕೊ, ಆಮೇಲೆ ಮುಚ್ಚುತ್ತೇನೆ.”

ಕಿಟಕಿ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದೆ. ಬ್ಲಾಕಿನ ಮುಂಭಾಗ ಎಡಕ್ಕಿರುವಂತೆ ಇಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಅಪ್ಪ ಫಿಲ್ಮ್ ಡಬ್ಬಿಯಿಂದ ಗಡಿಯಾರದ ಸ್ಕ್ರೂಗಳನ್ನು ಅಂಗೈಗೆ ಸುರಿದುಕೊಂಡರು, ಚಿಮಟದಲ್ಲಿ ಒಂದೊಂದೇ ಎತ್ತಿ ಹೆಡ್ಡಿಗೆ ಇಟ್ಟು ಬಿಗಿಯತೊಡಗಿದರು, ನಿಜವಾದ ಎಂಜಿನ್ನಿನಲ್ಲಿ ಬಿಗಿಯುವ ಕ್ರಮದಲ್ಲೇ, ನಡುವಿನಿಂದ ಶುರುಮಾಡಿ ಹೊರಕ್ಕೆ, ಒಮ್ಮೆ ಸಡಿಲವಾಗಿ, ಇನ್ನೊಮ್ಮೆ ಪೂರ್ತಿಯಾಗಿ.